ಹೊಳೆಯ ಆಚೆ ನಿಂತ ಲಾರಿ

ನಾನು ಶಿಕಾರಿಪುರಕ್ಕೆ ಸೊಸೆಯಾಗಿ ಬಂದ ಮಾರನೆಯ ವರ್ಷದ ಬೇಸಿಗೆಯಲ್ಲಿ ನಮ್ಮ ಮನೆಗೆ ಫ್ರಿಜ್ಜು ಬಂತು. ಸೀಮೆಎಣ್ಣೆಯಿಂದ ನಡೆಯುವಂಥದ್ದು. ಕೆಳಗೆ ದೀಪ ಉರಿಸಿದರೆ ಮೇಲೆ ನೀರು ಗಡ್ಡೆ ಕಟ್ಟುತ್ತದೆ ಅಂದರೆ ಯಾರಾದರೂ ನಂಬುತ್ತಾರೆಯೇ? ಊರಿನ ಅರ್ಧ ಜನ ಬಂದು ನೋಡಿ, ಮುಟ್ಟಿ, ತಲೆ ಅಲ್ಲಾಡಿಸಿ ಹೋದರು. ಅಕ್ಕಿ ಗಿರಣಿ ನಡೆಸುತ್ತಿದ್ದ ನಮ್ಮ ಮಾವನವರಿಗೆ ಹೊಸ ಯಂತ್ರ ಅಂದರೆ ಪ್ರಾಣ. ಅತ್ತೆಯವರು ಅದನ್ನು ಮೊದಲ ದಿನ ತಣ್ಣನೆ ಪೆಟ್ಟಿಗೆ ಎಂದು ಕರೆದರು, ಕೊನೆಯವರೆಗೂ ಹಾಗೆಯೇ ಕರೆದರು. ಅದರ ಹಣೆಗೆ ವಿಭೂತಿ ಹಚ್ಚಿ, ಹಾಲು ಮೊಸರು ಒಳಗಿಟ್ಟು, ಬಂದವರಿಗೆಲ್ಲ ತಣ್ಣನೆ ಮಜ್ಜಿಗೆ ಕೊಟ್ಟು ಮೆರೆದರು.

ಮೆರೆದದ್ದು ಸ್ವಲ್ಪ ದಿನ ಮಾತ್ರ. ಮುಂಗಾರು ಹತ್ತಿರ ಬಂದಾಗ ಸರ್ಕಾರಿ ಆಸ್ಪತ್ರೆಯ ಡಾಕ್ಟರು ಮಾವನವರನ್ನು ಹುಡುಕಿಕೊಂಡು ಬಂದರು. ಮೈಸೂರಿನ ಕಡೆಯವರು, ಆಳು ತೆಳ್ಳಗೆ, ಮಾತು ದಂಡಿ. ಹಾವಿನ ವಿಷಕ್ಕೆ ಹೊಸ ಇಂಜೆಕ್ಷನ್ ಬಂದಿದೆ, ಸರ್ಕಾರ ಕಳಿಸುತ್ತದೆ, ಆದರೆ ಅದನ್ನು ತಂಪಿನಲ್ಲೇ ಇಡಬೇಕು, ಆಸ್ಪತ್ರೆಯಲ್ಲಿ ತಂಪಾಗಿರುವುದು ಅಂದರೆ ನೀರಿನ ಹೂಜಿ ಒಂದೇ ಎಂದರು. ಮಾವನವರು ಕೂತಲ್ಲೇ ಒಪ್ಪಿಕೊಂಡರು. ನಮ್ಮ ಲಾರಿ ದಿನಾ ಬೆಳಿಗ್ಗೆ ಅಕ್ಕಿ ಮೂಟೆ ಹೇರಿಕೊಂಡು ಸೊರಬಕ್ಕೆ ಹೋಗಿ ಮಧ್ಯಾಹ್ನ ಹಿಂದಿರುಗುತ್ತಿತ್ತು. ದಾರಿಯ ಹಳ್ಳಿಗಳ ಹತ್ತಿರ ನಿಲ್ಲಿಸಿ ಹಾರನ್ ಹೊಡೆಯಲಿ, ಹಾವು ಕಚ್ಚಿದವರಿದ್ದರೆ ಹತ್ತಿಸಿಕೊಂಡು ಆಸ್ಪತ್ರೆಗೆ ತರಲಿ ಎಂದು ತಾವೇ ಸೇರಿಸಿದರು.

"ಔಷಧಿ ಸರ್ಕಾರದ್ದು, ಪೆಟ್ಗಿ ನಮ್ದು. ಡಾಕ್ಟ್ರು ಸರ್ಕಾರದೋರು, ಲಾರಿ ನಮ್ದು. ಮತ್ತೇನ್ ಬೇಕ್ರೀ?"

ಅತ್ತೆಯವರು ಬಾಗಿಲ ಸಂದಿಯಿಂದ ಕೇಳಿದರು, "ಅದನ್ನ ಎದ್ರಿಂದ ಮಾಡ್ತಾರ್ರೀ?"

ಡಾಕ್ಟರು ಸುಳ್ಳು ಹೇಳಿದ್ದರೆ ಎಲ್ಲರಿಗೂ ಒಳ್ಳೆಯದಿತ್ತು. ಪುಣ್ಯಾತ್ಮರು ವಿವರವಾಗಿ ಹೇಳಿದರು. ಕುದುರೆಗೆ ಸ್ವಲ್ಪ ಸ್ವಲ್ಪವೇ ವಿಷ ಚುಚ್ಚುತ್ತಾರಂತೆ, ಅದರ ಮೈ ಪಳಗಿದ ಮೇಲೆ ರಕ್ತ ತೆಗೆಯುತ್ತಾರಂತೆ.

"ಅಯ್ಯೋ ಶಿವನೇ! ಕುದ್ರಿ ರಕ್ತಾನಾ? ನನ್ನ ಮೊಸ್ರಿನ ಪಕ್ಕದಾಗೆ?"

"ರಕ್ತ ಅಲ್ಲಮ್ಮ, ರಕ್ತದ ತಿಳಿ."

"ತಿಳಿ ಆದ್ರೇನು, ಗಸಿ ಆದ್ರೇನು!"

ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡು ಹಿತ್ತಲಿಗೆ ಓಡಿದೆ. ಮಾವನವರು ಹಠ ಬಿಡಲಿಲ್ಲ, ಅತ್ತೆಯವರೂ ಬಿಡಲಿಲ್ಲ. ಹಾಲು, ಮೊಸರು, ಬೆಣ್ಣೆ ಎಲ್ಲ ಮತ್ತೆ ನೆಲುವಿಗೆ ಹೋದವು. ಅಷ್ಟು ದೊಡ್ಡ ಪೆಟ್ಟಿಗೆಯೊಳಗೆ ಬೆರಳುದ್ದದ ಸೀಸೆಗಳು ಮಾತ್ರ ಉಳಿದವು. ಎಣ್ಣೆ ಹಾಕುವುದು, ಬತ್ತಿ ಕತ್ತರಿಸುವುದು ನನ್ನ ಪಾಲಿಗೆ ಬಂತು. ದೀಪ ಹೊಗೆಯಾಡಿದರೆ ಪೆಟ್ಟಿಗೆ ಬಿಸಿಯಾಗುತ್ತಿತ್ತು, ನನ್ನ ತಲೆಯೂ ಬಿಸಿಯಾಗುತ್ತಿತ್ತು.

ಮಳೆ ಹಿಡಿಯಿತು. ಗದ್ದೆ ಕೆಲಸ ಶುರುವಾಯಿತು. ಶಿಕಾರಿಪುರದ ಸುತ್ತಿನಿಂದ ಒಬ್ಬಿಬ್ಬರು ಬಂದು ಇಂಜೆಕ್ಷನ್ ಹಾಕಿಸಿಕೊಂಡು ಬದುಕಿದರು. ಸೊರಬದ ಕಡೆಯಿಂದ ಮಾತ್ರ ಒಂದು ನರಪಿಳ್ಳೆಯೂ ಬರಲಿಲ್ಲ. ಲಾರಿ ಹಾರನ್ ಹೊಡೆದೂ ಹೊಡೆದೂ ಬರಿದೇ ಬರುತ್ತಿತ್ತು.

"ಸೊರಬದ ಹಾವುಗಳೆಲ್ಲ ರಜಾ ಹಾಕಿವೆಯೇನ್ರೀ?" ಎಂದು ಡಾಕ್ಟರು ನಕ್ಕರು.

ನನಗೆ ನಗು ಬರಲಿಲ್ಲ. ಕಾರಣ ನನಗೆ ಗೊತ್ತಿತ್ತು. ಕಾರಣ ನಮ್ಮ ಅಪ್ಪಯ್ಯ.

ನನ್ನ ತವರು ಸೊರಬದ ದಾರಿಯಲ್ಲೇ ಒಂದು ಹಳ್ಳಿ. ಅಪ್ಪಯ್ಯ ಬೇಸಾಯದವರು, ಜೊತೆಗೆ ಸುತ್ತಲಿನ ಹಳ್ಳಿಗಳಿಗೆಲ್ಲ ವಿಷದ ಮದ್ದು ಕೊಡುವವರು. ಅವರ ಅಪ್ಪನಿಂದ ಬಂದ ವಿದ್ಯೆ. ಹಾವು ಕಚ್ಚಿದೆ ಎಂದು ಯಾರಾದರೂ ಬಂದರೆ ಉಣ್ಣುತ್ತಿದ್ದ ತಟ್ಟೆಯನ್ನು ಬಿಟ್ಟು ಏಳುತ್ತಿದ್ದರು. ಬೇರು ಅರೆದು ಕುಡಿಸಿ, ಮಂತ್ರ ಹೇಳಿ, ತೋಳಿಗೆ ಕಪ್ಪು ದಾರ ಕಟ್ಟುತ್ತಿದ್ದರು. ಅದಕ್ಕೆ ಕಟ್ಟು ಅನ್ನುತ್ತಿದ್ದೆವು. ಯಾರಿಂದಲೂ ಒಂದು ವೀಳ್ಯದೆಲೆಯನ್ನೂ ಮುಟ್ಟಿದವರಲ್ಲ. ಆದರೆ ಒಂದು ಕಟ್ಟಳೆ ಇತ್ತು. ಕಟ್ಟು ಕಟ್ಟಿದ ಮೇಲೆ, ಅವರೇ ಬಿಚ್ಚುವ ತನಕ, ಕಚ್ಚಿಸಿಕೊಂಡವರು ಹರಿಯುವ ನೀರು ದಾಟಬಾರದು. ದಾಟಿದರೆ ವಿಷ ನೆತ್ತಿಗೇರುತ್ತದೆ. ನಮ್ಮೂರಿಗೂ ಲಾರಿ ಓಡಾಡುವ ರಸ್ತೆಗೂ ನಡುವೆ ಹೊಳೆ.

ಗಿರಣಿ, ಡಾಕ್ಟರು, ಸರ್ಕಾರ ಎಲ್ಲ ಸೇರಿ ಏನೇನೋ ಯೋಚಿಸಿದ್ದರು. ಈ ಹೊಳೆಯನ್ನು ಯಾರೂ ಯೋಚಿಸಿರಲಿಲ್ಲ. ನಾನು ಬಾಯಿ ಬಿಟ್ಟು ಹೇಳಿದೆ. ಮಾವನವರು ಡ್ರೈವರನ ಕೈಲಿ ಬೀಗರಿಗೆ ವಿನಯದಿಂದ ಹೇಳಿಕಳಿಸಿದರು. ಅಪ್ಪಯ್ಯನ ಉತ್ತರವೂ ವಿನಯವಾಗಿಯೇ ಬಂತು. ಅವರ ಔಷಧಿ ಅವರಿಗೆ ಇರಲಿ, ನಮ್ಮ ಕಟ್ಟು ನಮಗೆ ಇರಲಿ.

ಆ ಆಷಾಢದಲ್ಲಿ ತವರಿನ ಪಕ್ಕದ ಮನೆಯ ಅಣ್ಣನ ಹೆಂಡತಿಯನ್ನು ನಾಗರಹಾವು ಕಚ್ಚಿತು. ಅತ್ತಿಗೆ ಎಂದು ಕರೆಯುತ್ತಿದ್ದೆ, ನನಗೆ ಹೂ ಕಟ್ಟಲು ಕಲಿಸಿದವಳು. ಅಪ್ಪಯ್ಯ ಕಟ್ಟು ಕಟ್ಟಿದ್ದರು. ಆಚೆ ದಡದಲ್ಲಿ ನಮ್ಮ ಲಾರಿ ನಿಂತು ಹಾರನ್ ಹೊಡೆಯಿತು. ಡ್ರೈವರ್ ಇಳಿದು ನೀರಿನ ಅಂಚಿಗೆ ಬಂದು ಕೂಗಿದನಂತೆ. ಕಟ್ಟು ಬಿಚ್ಚುವ ತನಕ ದಾಟಿಸುವಂತಿಲ್ಲ ಎಂದರಂತೆ ಅಪ್ಪಯ್ಯ. ಡ್ರೈವರ್ ಕಾದು, ಕೂಗಿ, ಗಂಟಲು ಒಣಗಿಸಿಕೊಂಡು ಹೊರಟು ಬಂದ. ಹೊತ್ತು ಮುಳುಗುವ ಮುಂಚೆ ಅತ್ತಿಗೆ ಹೋಗಿಬಿಟ್ಟಳು. ಸುದ್ದಿ ಕೇಳಿದಾಗ ನಾನು ಅದೇ ದೀಪದ ಬತ್ತಿ ಕತ್ತರಿಸುತ್ತಿದ್ದೆ. ಅಪ್ಪಯ್ಯನ ಮೇಲೆ ನನಗೆ ಅಷ್ಟು ಸಿಟ್ಟು ಹಿಂದೆಂದೂ ಬಂದಿರಲಿಲ್ಲ.

ಗೌರಿ ಹಬ್ಬಕ್ಕೆ ತವರಿಗೆ ಹೋದೆ. ಆ ಮಾತು ಎತ್ತಬೇಕು ಅಂದುಕೊಂಡೇ ಹೋಗಿದ್ದೆ. ಅಪ್ಪಯ್ಯನ ಮುಖ ನೋಡಿದ ಮೇಲೆ ನಾಲಿಗೆ ಏಳಲಿಲ್ಲ. ಪಕ್ಕದ ಮನೆಯ ಅಣ್ಣ ಎಂದಿನಂತೆ ಬಂದು ಅವರ ಜೊತೆ ಎಲೆಅಡಿಕೆ ಹಾಕಿಕೊಂಡು ಹೋಗುತ್ತಿದ್ದ. ಆಯಸ್ಸು ಅಷ್ಟೇ ಇತ್ತು ಅನ್ನುತ್ತಿದ್ದ. ಅಪ್ಪಯ್ಯ ಹೂಂ ಅನ್ನುತ್ತಿದ್ದರು.

ಹಬ್ಬ ಕಳೆದು ಇನ್ನೂ ಅಲ್ಲಿಯೇ ಇದ್ದೆ. ಒಂದು ಬೆಳಿಗ್ಗೆ ಗದ್ದೆಯ ಬದುವಿನಲ್ಲಿ ಹುಲ್ಲು ಕೊಯ್ಯುತ್ತಿದ್ದ ನನ್ನ ತಂಗಿ ಕಿಟಾರನೆ ಕಿರುಚಿದಳು. ಕೊಳಕುಮಂಡಲ. ಪಾದದ ಮೇಲೆ ಎರಡು ತೂತು. ಮನೆಗೆ ಎತ್ತಿಕೊಂಡು ಬರುವಷ್ಟರಲ್ಲಿ ಕಾಲು ಊದಿತ್ತು. ಅಪ್ಪಯ್ಯ ಬೇರು ಅರೆದು ಕುಡಿಸಿದರು. ಕಾಯುತ್ತಾ ಕೂತೆವು. ಹೊತ್ತು ಏರುತ್ತಿದ್ದಂತೆ ಅವಳು ಬಾಯಿ ಮುಕ್ಕಳಿಸಿ ಉಗುಳಿದಳು. ನೀರು ಕೆಂಪಗಿತ್ತು. ಒಸಡಿನಿಂದ ರಕ್ತ ಒಸರುತ್ತಿತ್ತು.

ಅಪ್ಪಯ್ಯ ಕಪ್ಪು ದಾರ ಕೈಗೆತ್ತಿಕೊಂಡರು. ಆಗಲೇ ಆಚೆ ದಡದಲ್ಲಿ ಹಾರನ್ ಕೇಳಿಸಿತು.

"ಕಟ್ಬ್ಯಾಡಿ ಅಪ್ಪಯ್ಯಾ!" ನಾನು ಅವರ ಮುಂಗೈ ಹಿಡಿದುಕೊಂಡೆ. ಅಪ್ಪಯ್ಯನ ಕೈ ಹಿಡಿಯುವ ಧೈರ್ಯ ಎಲ್ಲಿಂದ ಬಂತೋ. "ಅತ್ತಿಗೆನ ಕಳ್ಕಂಡಿದ್ದು ಸಾಕು. ಇವ್ಳನ್ನೂ ಕಳ್ಕಳ್ಳೋದಾ?"

ಅಪ್ಪಯ್ಯ ತಂಗಿಯ ಬಾಯಿಯನ್ನು ನೋಡಿದರು. ಹಾರನ್ ಮತ್ತೆ ಕೂಗಿತು. ಅವರು ದಾರವನ್ನು ನೆಲಕ್ಕೆ ಹಾಕಿದರು. ಅವಳನ್ನು ಹೆಗಲಿಗೆ ಹಾಕಿಕೊಂಡು ಓಡತೊಡಗಿದರು. ಹೊಳೆಯಲ್ಲಿ ಸೊಂಟದ ತನಕ ನೀರು. ಊರಿನವರು ದಡದಲ್ಲಿ ನಿಂತು ನೋಡುತ್ತಿದ್ದರು. ಅವರಲ್ಲಿ ಪಕ್ಕದ ಮನೆಯ ಅಣ್ಣನೂ ಇದ್ದ. ನಾನು ಸೀರೆ ಮೇಲೆತ್ತಿ ಕಟ್ಟಿಕೊಂಡು ಹಿಂದೆಯೇ ದಾಟಿದೆ.

ಶಿರಾಳಕೊಪ್ಪ ದಾಟುವವರೆಗೂ ತಂಗಿಗೆ ಪ್ರಜ್ಞೆ ಇತ್ತು. ಶಿಕಾರಿಪುರದ ಆಸ್ಪತ್ರೆಯಲ್ಲಿ ಅವಳನ್ನು ಮಲಗಿಸಿ ನಾನು ಮನೆಗೆ ಓಡಿದರೆ, ಲಾರಿ ನಿಲ್ಲದೆ ಆಸ್ಪತ್ರೆಯ ಕಡೆ ಹೋದದ್ದನ್ನು ಕಂಡು ಅತ್ತೆಯವರು ಆಗಲೇ ಪೆಟ್ಟಿಗೆ ತೆರೆದಿದ್ದರು. ಆ ಸೀಸೆಗಳನ್ನು ತಮ್ಮ ಕೈಯಾರೆ ಬಟ್ಟೆಯಲ್ಲಿ ಸುತ್ತಿ ತಂಬಿಗೆಯಲ್ಲಿಟ್ಟು ಬಾಗಿಲಲ್ಲಿ ನಿಂತಿದ್ದರು. "ಯಾರಿಗವ್ವಾ?" ಎಂದರು. ತಂಗಿಗೆ ಅಂದೆ. "ನಡಿ ನಡಿ, ನಿಂತು ಅಳಬ್ಯಾಡ" ಎಂದು ಬೈದು ನನ್ನ ಜೊತೆಯೇ ಬಂದರು. ಆ ಬೈಗುಳಕ್ಕೆ ನಾನು ಇಂದಿಗೂ ಕೈಮುಗಿಯುತ್ತೇನೆ.

ಇಂಜೆಕ್ಷನ್ ಹಾಕಿದ ಮೇಲೆ ತಂಗಿ ಗಡಗಡ ನಡುಗಿದಳು. ಡಾಕ್ಟರು ಅವಳ ಪಕ್ಕದಿಂದ ಏಳಲಿಲ್ಲ. ಮಾರನೆಯ ದಿನ ರಕ್ತ ನಿಂತಿತು, ಗಂಜಿ ಕೇಳಿದಳು. ನನಗೆ ಕುಣಿದಾಡುವಷ್ಟು ಸಂತೋಷವಾಯಿತು. ಅಪ್ಪಯ್ಯ ಮಾತ್ರ ಆಸ್ಪತ್ರೆಯ ಜಗಲಿಯಲ್ಲಿ ಕಂಬಕ್ಕೆ ಒರಗಿ ಕೂತೇ ಇದ್ದರು.

"ಹೊತ್ತಿಗೆ ಸರಿಯಾಗಿ ತಂದ್ರಿ ಯಜಮಾನ್ರೇ. ಅದಕ್ಕೇ ಉಳಿದಳು," ಎಂದರು ಡಾಕ್ಟರು.

"ನಾಗ್ರಾವಿಗೂ ಇದೇ ಔಷಧೀನಾ?"

"ಹೌದು. ಇದೇ."

"ಹಂಗಾರೆ ಅವ್ಳೂ ಉಳೀತಿದ್ಲು."

ಅವಳು ಎಂದರೆ ಯಾರು ಎಂದು ಡ್ರೈವರ್ ಡಾಕ್ಟರಿಗೆ ಹೇಳಿದ್ದ. ಎಷ್ಟು ಮಾತಿನ ಮನುಷ್ಯ, ಅಂದು ತಂಗಿಯ ನಾಡಿ ನೋಡಲು ಒಳಗೆ ಹೋದರು.

ತಂಗಿಯನ್ನು ಅತ್ತೆಯವರ ಹತ್ತಿರ ಬಿಟ್ಟು, ಅಮ್ಮನಿಗೆ ಸುದ್ದಿ ಹೇಳಲು ಅಪ್ಪಯ್ಯನ ಜೊತೆ ನಾನೂ ಲಾರಿ ಹತ್ತಿದೆ. ಹೊಳೆ ದಾಟಿದ ಮೇಲೆ ಅವರು ನಮ್ಮ ಮನೆಗೆ ಹೋಗದೆ, ಒದ್ದೆ ಪಂಚೆಯಲ್ಲೇ ಪಕ್ಕದ ಮನೆಯ ಅಂಗಳಕ್ಕೆ ನಡೆದರು. ಅಣ್ಣ ಜಗಲಿಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ.

"ತಂಗಿ ಹುಷಾರಾದ್ಲಾ ದೊಡ್ಡಪ್ಪ?"

"ಆದ್ಲು." ಅಪ್ಪಯ್ಯ ಅಂಗಳದಲ್ಲೇ ನಿಂತರು. "ನಿನ್ ಹೆಂಡ್ತಿನೂ ದಾಟಿಸ್ಬೋದಿತ್ತು ಮಾರಾಯ. ನನ್ ಮಗ್ಳು ಅಂತ ಇವ್ಳನ್ನ ದಾಟಿಸ್ದೆ. ಅವ್ಳನ್ನ ದಾಟಕ್ ಬಿಡ್ಲಿಲ್ಲ."

ಇವನು ಈಗ ಬೈಯುತ್ತಾನೆ, ಹೊಡೆದರೂ ಹೊಡೆದಾನು ಎಂದು ನಾನು ಅಪ್ಪಯ್ಯನ ಹತ್ತಿರ ಸರಿದೆ. ಬೈದಿದ್ದರೆ ಅಪ್ಪಯ್ಯನಿಗೂ ಹಗುರಾಗುತ್ತಿತ್ತೋ ಏನೋ. ಅಣ್ಣ ಹಗ್ಗವನ್ನು ಮೊಣಕಾಲ ಮೇಲೆ ಇಟ್ಟುಕೊಂಡ.

"ನಾನೂ ಅಲ್ಲೇ ಇದ್ನಲ್ಲ ದೊಡ್ಡಪ್ಪ," ಎಂದ. "ಅವ್ಳಿಗೆ ಮಾತು ಬಿದ್ದೋಗಿತ್ತು. ಹಾರನ್ ಆದಾಗ್ಲೆಲ್ಲ ನನ್ ಕೈ ಅದುಮಿ ಹೊಳೆ ಕಡೆ ತೋರಿಸ್ತಿದ್ಲು. ನೀವು ಬ್ಯಾಡ ಅಂದಿದ್ರಿ. ನಾನು ಅವ್ಳ ಕೈ ಬಿಡಿಸ್ಕಂಡೆ."

ಅಪ್ಪಯ್ಯ ಅಂಗಳದ ಮಣ್ಣಿನಲ್ಲೇ ಕೂತರು. ಅಣ್ಣ ಇಳಿದು ಬಂದು ಅವರ ಪಕ್ಕದಲ್ಲಿ ಕೂತ.