ಕುರಿ ಬೇರೆ, ರೊಪ್ಪ ಬೇರೆ

ನಿನ್ನೆ ಆಯುಧಪೂಜೆಗೆಂದು ನಮ್ಮ ಲ್ಯಾಬಿನ ಬಾಗಿಲಲ್ಲಿ ಬೂದುಗುಂಬಳಕಾಯಿ ಒಡೆದರು. ಹಸಿ ಕುಂಬಳ, ಕುಂಕುಮ, ಕೀಬೋರ್ಡ್ ಒರೆಸಿದ ಸ್ಪಿರಿಟ್ಟು ಎಲ್ಲ ಬೆರೆತ ಆ ವಾಸನೆ ಮೂಗಿಗೆ ಬಡಿಯಿತು. ಎಲ್ಲರೂ ಮಂಡಕ್ಕಿ ತಿನ್ನುತ್ತಾ ನಗುತ್ತಿದ್ದರು. ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಪ್ರತಿ ವರ್ಷವೂ ಇದೇ ಪಾಡು…

ಚಿತ್ರದುರ್ಗದ ಈ ಡಿಪ್ಲೊಮಾ ಕಾಲೇಜಿಗೆ ನಾನು ಲ್ಯಾಬ್ ಸಹಾಯಕಿಯಾಗಿ ಸೇರಿದಾಗ ಲ್ಯಾಬು ಒಬ್ಬ ಹಿರಿಯ ಉಪನ್ಯಾಸಕರ ಕೈಯಲ್ಲಿತ್ತು. ಎಲ್ಲರಿಗೂ ಅವರು ಬರೀ ಮೇಷ್ಟ್ರು. ತುರುವನೂರು ಕಡೆಯ ಕುರಿ ಸಾಕುವ ಮನೆಯವರು, ಮಾತು ಕಡಿಮೆ. ನಾನೋ ಹೊಳಲ್ಕೆರೆಯಿಂದ ದಿನಾ ಬಸ್ಸಿಗೆ ಓಡಾಡುತ್ತಿದ್ದವಳು, ಬಾಯಿ ಜೋರು, ಕೆಲಸ ಅರೆಬರೆ.

ಅವರಿಗೊಂದು ಹುಚ್ಚಿತ್ತು. ಅವರ ಕಡೆ ಕುರಿಗಳ ಕಿವಿಗೆ ಮನೆತನಕ್ಕೊಂದು ಗುರುತು. ಮರಿಯ ಕಿವಿಯ ತುದಿ ಕತ್ತರಿಸುವುದೋ, ಅಂಚಿಗೆ ಕಚ್ಚು ಹಾಕುವುದೋ, ನಡುವೆ ಸೀಳುವುದೋ ಮಾಡಿರುತ್ತಾರೆ. ಎರಡು ಹಿಂಡು ಬೆರೆತರೆ ಯಾರ ಕುರಿ ಎಂದು ಅದರಿಂದಲೇ ಗೊತ್ತಾಗಬೇಕು. ಮೇಷ್ಟ್ರು ಹಳ್ಳಿ ಹಳ್ಳಿ ತಿರುಗಿ, ಮುದುಕರನ್ನು ಕೇಳಿ ಆ ಗುರುತುಗಳನ್ನೆಲ್ಲ ಹಾಳೆಯ ಮೇಲೆ ಬರೆದುಕೊಂಡಿದ್ದರು. ಅರ್ಧ ಹಾಳೆ ಗೆದ್ದಲು ತಿಂದಿತು. ಉಳಿದದ್ದನ್ನು, ನೆನಪಿದ್ದದ್ದನ್ನು ಕಂಪ್ಯೂಟರಿಗೆ ಹಾಕಿ, ಯಾರು ಬೇಕಾದರೂ ಹುಡುಕುವಂಥ ವೆಬ್ ಅಪ್ಲಿಕೇಶನ್ ಮಾಡತೊಡಗಿದರು. ಎಲ್ಲ ಇದ್ದದ್ದು ಲ್ಯಾಬಿನ ಒಂದೇ ಒಂದು ಹಳೇ ಯಂತ್ರದಲ್ಲಿ.

ನಮ್ಮ ಲ್ಯಾಬಿನಲ್ಲಿ ಒಂದೊಂದು ಕಂಪ್ಯೂಟರಿಗೂ ಒಂದೊಂದು ರೋಗ. ಇಲ್ಲಿ ಓಡುವ ಪ್ರೋಗ್ರಾಂ ಪಕ್ಕದಲ್ಲಿ ಓಡದು. ಅದಕ್ಕೇ ಅವರು ಪ್ರೋಗ್ರಾಮನ್ನೂ ಅದಕ್ಕೆ ಬೇಕಾದದ್ದೆಲ್ಲವನ್ನೂ ಒಂದೇ ಗಂಟಾಗಿ ಕಂಟೇನರ್‌ಗಳಲ್ಲಿ ಕಟ್ಟಿದರು. ನನಗೆ ತಲೆಬುಡ ತಿಳಿಯದಾಗ ಮೇಷ್ಟ್ರು ಬಿಡಿಸಿ ಹೇಳಿದರು.

"ನೋಡಮ್ಮ, ನಮ್ಮೋರು ಬಲೆ, ಗೂಟ ಹೊತ್ಕಂಡು ಹೋಗ್ತಾರೆ. ಯಾರ ಹೊಲದಾಗೆ ಇಳಿದ್ರೂ ಕುರಿ ಕೂಡಾಕೆ ಅದೇ ರೊಪ್ಪ ಹಾಕ್ತಾರೆ. ಕುರಿಗೆ ಊರು ಬದಲಾಗಿದ್ದೇ ಗೊತ್ತಾಗಲ್ಲ. ಇದೂ ಹಂಗೇ, ಯಾವ ಕಂಪ್ಯೂಟರ್‌ನಾಗೆ ಹಾಕಿದ್ರೂ ಅದೇ ರೊಪ್ಪ. ಆದ್ರೆ ಕುರಿ ಬೇರೆ, ರೊಪ್ಪ ಬೇರೆ. ರೊಪ್ಪ ಕಿತ್ರೆ ಕುರಿ ಕಳೀಬಾರ್ದು. ಅದಕ್ಕೆ ಡೇಟಾ ಬೇರೆ ಕಡೆ, ವಾಲ್ಯೂಮ್‌ನಾಗೆ ಇಟ್ಟೀನಿ."

ಅಷ್ಟು ಚೆನ್ನಾಗಿ ಯಾರೂ ನನಗೆ ಏನನ್ನೂ ಹೇಳಿಕೊಟ್ಟಿರಲಿಲ್ಲ. ತಲೆಯಾಡಿಸಿದೆ. ಪೂರ್ತಿ ಕೇಳಿಸಿಕೊಂಡಿದ್ದರೆ ಇವತ್ತು ಇದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಆ ವರ್ಷದ ಆಯುಧಪೂಜೆಯ ಹಿಂದಿನ ದಿನ. ಡ್ರೈವರ್ ಕಾಲೇಜು ಬಸ್ಸನ್ನು ತೊಳೆದು ನಿಲ್ಲಿಸಿದ್ದ, ವರ್ಕ್‌ಶಾಪಿನವರು ಲೇತ್ ಯಂತ್ರವನ್ನು ತಿಕ್ಕಿ ತಿಕ್ಕಿ ಹೊಳೆಸಿದ್ದರು. ಮೇಷ್ಟ್ರು ಅಂದು ರಜೆಯಲ್ಲಿದ್ದರು. ನಾನು ಮಾನಿಟರ್ ಒರೆಸಿದೆ, ವೈರು ಸುತ್ತಿಟ್ಟೆ. ಅವರ ಯಂತ್ರದ ಪರದೆಯಲ್ಲಿ ಡಿಸ್ಕ್ ತುಂಬಿದೆಯೆಂದು ಕೆಂಪು ಅಕ್ಷರ. ಪೂಜೆಗೆ ಇಡುವ ಯಂತ್ರದ ಒಳಗೆ ಕಸ ಯಾಕಿರಬೇಕು? ಮೇಷ್ಟ್ರು ಬಂದು ಶಭಾಶ್ ಅನ್ನಲಿ ಎಂಬ ಹುರುಪು ಬೇರೆ. ಯಾವುದೋ ವಿಡಿಯೋದಲ್ಲಿ ನೋಡಿದ ಆಜ್ಞೆಯನ್ನು ಹೊಡೆದೆ. ಕಂಟೇನರ್ ನಿಲ್ಲಿಸಿ ತೆಗೆಯುವ ಆ ಸಾಲಿನ ಕೊನೆಯಲ್ಲಿ ಒಂದು ಅಡ್ಡಗೆರೆ, ಒಂದು ಸಣ್ಣ ಅಕ್ಷರ. ಅದಿದ್ದರೆ ಡೇಟಾ ಇಟ್ಟ ವಾಲ್ಯೂಮ್ ಕೂಡ ಅಳಿಸಿಹೋಗುತ್ತದೆ ಎಂದು ನನಗೇನು ಗೊತ್ತು! ಕೆಂಪು ಅಕ್ಷರ ಹೋಯಿತು. ಖುಷಿಯಿಂದ ಕುಂಕುಮ ಹಚ್ಚಿ, ಹೂವಿಟ್ಟೆ. ಥೂ, ನನ್ನ ಜನ್ಮಕ್ಕೆ.

ರಜೆ ಮುಗಿಸಿ ಬಂದ ಮೇಷ್ಟ್ರು ಕಂಟೇನರ್‌ಗಳನ್ನು ಎಬ್ಬಿಸಿದರು. ಎಲ್ಲವೂ ಎದ್ದವು. ಪುಟ ತೆರೆಯಿತು, ಹುಡುಕುವ ಜಾಗ ಬಂತು. ಕೆಳಗಿನ ಪಟ್ಟಿ ಖಾಲಿ. ಮತ್ತೆ ಮತ್ತೆ ನೋಡಿದರು. ಕಪ್ಪು ಪರದೆಯಲ್ಲಿ ಏನೇನೋ ಓದಿದರು. ನಾನು ಅವರ ಬೆನ್ನ ಹಿಂದೆ ನಿಂತಿದ್ದೆ, ನಾನು ಹೊಡೆದ ಆಜ್ಞೆಯೇ ಎಲ್ಲ ಅಳಿಸಿತೆಂದು ಅಷ್ಟರಲ್ಲಿ ಹೊಳೆದಿತ್ತು. ಅವರು ತಿರುಗದೆಯೇ ಕೇಳಿದರು.

"ಹಬ್ಬದಾಗೆ ಕರೆಂಟ್ ಏನಾರ ಹೋಗಿತ್ತೇನಮ್ಮ?"

"ಹೂಂ ಸಾರ್, ಎರಡು ಸಲ."

ಅಷ್ಟೇ. ಎಷ್ಟು ಸಲೀಸಾಗಿ ಬಂತು ಬಾಯಿಂದ…

ಉಳಿದಿದ್ದ ಹಾಳೆಗಳನ್ನೂ ಅಷ್ಟರಲ್ಲಿ ಗೆದ್ದಲು ಮುಗಿಸಿತ್ತು. ಆಮೇಲೆ ಭಾನುವಾರ ಭಾನುವಾರ ಬೈಕು ಹತ್ತಿ ಅವರು ಮತ್ತೆ ಹಳ್ಳಿಗಳಿಗೆ ಹೊರಟರು. ಒಮ್ಮೆ ನಾನೂ ಹೋದೆ, ಬರೆದುಕೊಳ್ಳಲು ಜೊತೆಗಿರುತ್ತೇನೆಂದು. ಆ ಊರಿನ ಒಬ್ಬ ಅಜ್ಜನಿಗೆ ಕುರಿ ಸಾಕುವುದನ್ನೇ ಬಿಟ್ಟ ಮನೆತನಗಳ ಗುರುತುಗಳೂ ನೆನಪಿದ್ದವಂತೆ. ಹೋಗಿ ನೋಡಿದರೆ ಲಕ್ವ ಹೊಡೆದು ಮಾತು ನಿಂತಿತ್ತು, ಬಲಗೈಯೂ ಬಿದ್ದಿತ್ತು. ಮೇಷ್ಟ್ರು ಪಕ್ಕದಲ್ಲಿ ಕೂತು ಒಂದೊಂದೇ ಮನೆತನದ ಹೆಸರು ಹೇಳಿದರು. ಅಜ್ಜ ಎಡಗೈಯಿಂದ ತನ್ನ ಕಿವಿಯನ್ನೇ ಮುಟ್ಟಿ ಮುಟ್ಟಿ ತೋರಿಸುತ್ತಿದ್ದ. ತುದಿಯೋ ಅಂಚೋ ತಿಳಿಯದು. ಹೇಳಲಾಗದೆ ಅತ್ತುಬಿಟ್ಟ.

"ಬಿಡ್ರಿ ಅಜ್ಜ, ಸಾಕು ಬಿಡ್ರಿ," ಎಂದು ಮೇಷ್ಟ್ರು ಅವನ ಕೈ ಹಿಡಿದುಕೊಂಡರು. ನನ್ನ ಕೈಯಲ್ಲಿದ್ದ ಹಾಳೆ ಖಾಲಿಯಾಗಿಯೇ ಉಳಿಯಿತು.

ಬರುವಾಗ ತುರುವನೂರಲ್ಲಿ ಚಹಕ್ಕೆ ನಿಂತೆವು. ಅವರು ಕುಡಿಯದೆ ಲೋಟ ಹಿಡಿದುಕೊಂಡೇ ಇದ್ದರು.

"ಏನಾರ ಹೇಳ್ಬೇಕಂತಿದ್ದೀಯೇನಮ್ಮ?"

ಹೇಳಬೇಕೆಂದೇ ಇದ್ದೆ. ಕೆಲಸ ಹೋದರೆ? ಅದಕ್ಕಿಂತ, ಈ ಮನುಷ್ಯ ಇನ್ನು ನನ್ನ ಮುಖವನ್ನೇ ನೋಡದಿದ್ದರೆ? "ಏನಿಲ್ಲ ಸಾರ್," ಎಂದೆ. ಅವರು ಇನ್ನೂ ಸ್ವಲ್ಪ ಹೊತ್ತು ಕಾದು, ತಣ್ಣಗಾದ ಚಹವನ್ನು ಕುಡಿದು, "ಹೋಗಾಣ ನಡಿ," ಎಂದರು. ಆಮೇಲೆ ಅವರು ಆ ಕೆಲಸದ ಮಾತೆತ್ತಲಿಲ್ಲ. ನಿವೃತ್ತಿಯಾದರು, ಕಾಯಿಲೆ ಬಿದ್ದರು, ಹೋಗಿಬಿಟ್ಟರು. ಅರ್ಧಕ್ಕಿಂತ ಹೆಚ್ಚು ಗುರುತುಗಳು ಮತ್ತೆ ಸಿಗಲೇ ಇಲ್ಲ.

ಈಗ ಲ್ಯಾಬು ನನ್ನ ಕೈಯಲ್ಲಿದೆ. ಅವರು ಬರೆದ ಸೂಚನೆಗಳನ್ನು ನೋಡಿಕೊಂಡೇ ಮಕ್ಕಳು ಈಗಲೂ ಕಂಟೇನರ್ ಕಟ್ಟುವುದು. ನಿನ್ನೆ ಮೆಟ್ಟಿಲಿಂದ ಎದ್ದು ಒಳಗೆ ಹೋದಾಗ ಕೊನೆಯ ವರ್ಷದ ಒಬ್ಬಳು ಪರದೆ ತೋರಿಸಿದಳು. ಸೂಚನೆಗಳ ತುದಿಯಲ್ಲಿ ಮೇಷ್ಟ್ರು ಸೇರಿಸಿದ ಸಾಲು: "ಕರೆಂಟ್ ಹೋಗಿ ಎಲ್ಲ ಮಾಹಿತಿ ಕಳೆಯಿತು. ಇನ್ನೊಂದು ಪ್ರತಿ ತೆಗೆದಿಡದೆ ಇದ್ದದ್ದು ನನ್ನ ತಪ್ಪು."

"ಮೇಡಂ, ಇದು ತಪ್ಪಲ್ವಾ? ಕರೆಂಟ್ ಹೋದ್ರೆ ಪೂರ್ತಿ ವಾಲ್ಯೂಮೇ ಹೆಂಗೆ ಮಾಯ ಆಗ್ತೈತೆ? ಯಾರೋ ಅಳಿಸಿರ್ಬೇಕು. ಇಷ್ಟು ಬರೆದೋರಿಗೆ ಅದು ಗೊತ್ತಿರ್ಲಿಲ್ವಾ?"

ಎಷ್ಟೋ ಸಲ ಓದಿ, ಅವರಿಗೆ ಗೊತ್ತಾಗಲೇ ಇಲ್ಲವಲ್ಲ ಎಂದು ಅತ್ತ ಸಾಲು ಅದು. ಗೊತ್ತಿರದೆ ಏನು! ಮೊದಲ ದಿನವೇ ಗೊತ್ತಿತ್ತು. ಕರೆಂಟಿನ ನೆಪವನ್ನು ನನ್ನ ಬಾಯಿಗೆ ಇಟ್ಟವರೂ ಅವರೇ.

"ನಾನೇ ಅಳಿಸಿದ್ದು ಕಣಮ್ಮ," ಎಂದೆ.

ಹುಡುಗಿ "ಹೌದಾ ಮೇಡಂ" ಎಂದು ನಕ್ಕು ಪರದೆಯ ಕಡೆ ತಿರುಗಿದಳು. ಅವಳಿಗೆ ಅದು ಏನೂ ಅಲ್ಲ. ಇದನ್ನು ಕೇಳಬೇಕಾದವರು ಒಂದು ಲೋಟ ಚಹ ತಣ್ಣಗಾಗುವವರೆಗೂ ಕಾದಿದ್ದರು.