ಕಣ್ಣೀರ ಸುಳಿ

ಬಿ.ಎ. ಮುಗಿಸಿ ಹೈದರಾಬಾದಿನಿಂದ ಮರಳಿದ ಮೇಲೆ ನಾನು ಕಲ್ಯಾಣಿಯ ಶಾಲೆಯಲ್ಲಿ ಮಾಸ್ತರನಾದೆ. ಈಗಿನ ಬಸವಕಲ್ಯಾಣವನ್ನು ಆಗ ನಾವೆಲ್ಲ ಕಲ್ಯಾಣಿ ಎಂದೇ ಕರೆಯುತ್ತಿದ್ದೆವು. ನಿಜಾಮರ ಆಳ್ವಿಕೆಯಲ್ಲಿ ವಾರದ ರಜೆ ಶುಕ್ರವಾರ. ಗುರುವಾರ ಶಾಲೆ ಬಿಟ್ಟ ಕೂಡಲೇ ಹುಮನಾಬಾದಿನ ಅಕ್ಕನ ಮನೆಗೆ ಹೊರಡುವುದು, ಮರುದಿನ ಮಧ್ಯಾಹ್ನ ಉಂಡು ಹಿಂದಿರುಗುವುದು ನನ್ನ ರೂಢಿ. ಮೋಟಾರು ಬೆಳಗಿನ ಹೊತ್ತು ಮಾತ್ರ ಇತ್ತು. ಹಾಗಾಗಿ ನಾನು ಹುಮನಾಬಾದಿನ ಒಬ್ಬ ಮುದುಕರ ಟಾಂಗಾವನ್ನು ನೆಚ್ಚಿಕೊಂಡಿದ್ದೆ. ಅವರನ್ನು ಚಾಚಾ ಎನ್ನುತ್ತಿದ್ದೆ. ಶುಕ್ರವಾರದ ನಮಾಜು ಮುಗಿಸಿ ಬಂದೇ ಅವರು ಕುದುರೆ ಹೂಡುತ್ತಿದ್ದರು. ಕಂದು ಬಣ್ಣದ ಹೆಣ್ಣುಕುದುರೆ. ಅದನ್ನು ಬೇಟಿ, ಮಗಳು, ಎಂದು ಕರೆಯುತ್ತಿದ್ದರು. ಚಾಬೂಕು ಇತ್ತು, ಆದರೆ ಹೊಡೆದದ್ದನ್ನು ನಾನು ನೋಡಿಲ್ಲ.

ಶಿವರಾತ್ರಿ ಕಳೆದ ಮೊದಲ ಶುಕ್ರವಾರ. ಅರ್ಧ ದಾರಿಯಲ್ಲಿ, ಬೇವಿನ ಮರದ ಕೆಳಗೆ, ಎಂದಿನಂತೆ ಟಾಂಗಾ ನಿಂತಿತು. ಚಾಚಾ ಬಕೀಟು ಹಿಡಿದು ಹತ್ತಿರದ ಬಾವಿಗೆ ಹೋದರು. ಹಿಂದಿನದು, ಪಕ್ಕದ್ದು ಕಾಣದಿರಲಿ ಎಂದು ಟಾಂಗಾದ ಕುದುರೆಗೆ ಎರಡೂ ಕಣ್ಣಿನ ಪಕ್ಕ ತೊಗಲಿನ ಪಟ್ಟಿ ಕಟ್ಟುತ್ತಾರೆ. ಈ ಕುದುರೆಯ ಪಟ್ಟಿ ಬೇರೆಯವುಗಳಿಗಿಂತ ಅಗಲವಾಗಿತ್ತು. ಎಡಗಣ್ಣಿನ ಕೆಳಗೆ ಅದು ತಿಕ್ಕಿ ಹುಣ್ಣಾಗಿ ನೊಣ ಮುತ್ತಿದ್ದವು. ಇರುವ ಕಣ್ಣನ್ನು ಮುಚ್ಚಿ ದುಡಿಸುವುದು ಕ್ರೂರ ಎಂದು ನನಗೆ ಮೊದಲಿನಿಂದಲೂ ಅನ್ನಿಸುತ್ತಿತ್ತು. ಕಾಲೇಜಿನಲ್ಲಿ ಇಂಥ ಮಾತು ಬಹಳ ಆಡಿದ್ದೆವು. ಇಳಿದು ಹೋಗಿ ದಾರ ಬಿಚ್ಚಿ ಪಟ್ಟಿ ತೆಗೆದೆ. ಕರವಸ್ತ್ರದಿಂದ ಹುಣ್ಣು ಒರೆಸಿದೆ. ಪಟ್ಟಿಯನ್ನು ಅಂಗಿಯ ಜೇಬಿಗೆ ತುರುಕಿಕೊಂಡು, ಅಕ್ಕ ಕೊಟ್ಟ ಡಬ್ಬಿಯಿಂದ ಒಂದಿಷ್ಟು ಬೆಣ್ಣೆ ತಂದು ಹಚ್ಚೋಣವೆಂದು ಟಾಂಗಾ ಹತ್ತಿದೆ.

ಕುದುರೆ ತಲೆ ತಿರುಗಿಸಿತು. ವರ್ಷಗಟ್ಟಲೆ ತನ್ನ ಹಿಂದೆ ಉರುಳಿದ್ದ ಚಕ್ರವನ್ನು ಅದು ಅಂದು ಮೊದಲು ನೋಡಿತು. ಒಂದು ಹೆಜ್ಜೆ ಮುಂದಿಟ್ಟಿತು. ಚಕ್ರವೂ ಮುಂದೆ ಬಂತು. ಇನ್ನೊಂದು ಇಟ್ಟಿತು, ಚಕ್ರ ಮತ್ತೂ ಬಂತು.

ಇದನ್ನು ನಾನು ಎಷ್ಟು ಸಲ ನೋಡಿದ್ದೇನೋ. ಈಗಲೂ ಪಾಠ ಹೇಳುತ್ತಿರುವಾಗ, ಊಟಕ್ಕೆ ಕೂತಾಗ, ಆ ಎರಡು ಹೆಜ್ಜೆ ಬರುತ್ತವೆ. ಎರಡನೆಯ ಹೆಜ್ಜೆಗೆ ನಾನು ಕೆಳಗೆ ಹಾರಿ ಕಡಿವಾಣ ಹಿಡಿದಿದ್ದರೆ ಆಗುತ್ತಿತ್ತು. ಹಾರಲಿಲ್ಲ. ಕೈಯಲ್ಲಿ ಬೆಣ್ಣೆಯ ಡಬ್ಬಿ ಇತ್ತು.

ಕುದುರೆ ಬೆದರಿ ಓಟ ಕಿತ್ತಿತು. ಚಾಚಾ ಬಕೀಟು ಬಿಸಾಕಿ ಅಡ್ಡ ಬಂದು ಲಗಾಮು ಹಿಡಿದರು. ಹತ್ತು ಮಾರು ಅವರನ್ನು ಎಳೆದುಕೊಂಡು ಹೋಯಿತು. ಅವರು ಬಿದ್ದದ್ದು ಕಾಣಲಿಲ್ಲ. ಚಕ್ರ ಮೇಲೆದ್ದು ಇಳಿದದ್ದು ನನ್ನ ಸೊಂಟಕ್ಕೆ ಗೊತ್ತಾಯಿತು. ಆಮೇಲೆ ನಾನೊಬ್ಬನೇ. ಕೆಂಪು ಮುರಂ ಮಣ್ಣಿನ ರಸ್ತೆ, ಗಡಗಡ ಸದ್ದು, ಎದುರಿಗೆ ಹಳ್ಳದ ಸಣ್ಣ ಸೇತುವೆ. ಅದರ ಕಲ್ಲಿಗೆ ಚಕ್ರ ಬಡಿದು ನಾನು ಎರೆಹೊಲದಲ್ಲಿ ಬಿದ್ದೆ. ಕುದುರೆ ಟಾಂಗಾ ಸಮೇತ ಹಳ್ಳಕ್ಕೆ ಉರುಳಿತು. ಹೊಲದಲ್ಲಿದ್ದವರು ಹಗ್ಗ ಹಾಕಿ ಅದನ್ನು ಮೇಲೆತ್ತುವಾಗ ಟಾಂಗಾದ ಮುರಿದ ಕೋಲು ಅದರ ಭುಜದಲ್ಲಿ ಇನ್ನೂ ನಾಟಿಕೊಂಡಿತ್ತು.

ಚಾಚಾನ ಎಡಗಾಲು ಮೊಣಕಾಲ ಕೆಳಗೆ ಮುರಿದಿತ್ತು. ಎತ್ತಿನ ಬಂಡಿಯಲ್ಲಿ ಹುಮನಾಬಾದಿಗೆ ಒಯ್ದು, ಮೂಳೆ ಕೂಡಿಸುವವರಿಂದ ಕಟ್ಟಿಸಿದರು. ಅಕ್ಕನ ಮನೆಯಲ್ಲಿ ಅಂಗಿ ಬಿಚ್ಚುವಾಗ ಜೇಬಿನಲ್ಲಿ ಪಟ್ಟಿ ಸಿಕ್ಕಿತು. ಉಳಿದವರು ಅದು ಹಳ್ಳದಲ್ಲಿ ಹರಿದು ಬಿದ್ದಿದೆ ಎಂದುಕೊಂಡಿದ್ದರು. ನಾನು ಅದನ್ನು ಟ್ರಂಕಿನ ತಳಕ್ಕೆ ಹಾಕಿದೆ.

ಮರುದಿನವೇ ಊರಿಗೆ ಕಾರಣ ಗೊತ್ತಾಯಿತು. ಕುದುರೆಯ ಎಡಗಣ್ಣಿನ ಕೆಳಗೆ, ಹುಣ್ಣಿನ ಪಕ್ಕದಲ್ಲೇ, ಕೂದಲು ಸುತ್ತಿಕೊಂಡ ಒಂದು ಸುಳಿ ಇತ್ತು. ಎತ್ತಾಗಲಿ ಕುದುರೆಯಾಗಲಿ, ನಮ್ಮ ಕಡೆ ಹಲ್ಲಿಗಿಂತ ಮೊದಲು ಸುಳಿ ನೋಡುತ್ತಾರೆ. ಕಣ್ಣಿನ ಕೆಳಗಿನದು ಕಣ್ಣೀರ ಸುಳಿ. ಯಜಮಾನನ ಮನೆಯಲ್ಲಿ ಅಳು ತರುತ್ತದೆ ಎಂದು ನಂಬಿಕೆ. ಪಟ್ಟಿ ಹೋದ ಮೇಲೆ ಅದು ಎಲ್ಲರಿಗೂ ಕಂಡಿತು. ಚಾಚಾನ ಹೆಂಡತಿಯ ತಮ್ಮ ಕುದುರೆಯನ್ನು ಊರಾಚೆ ಹೊಡೆದು ಬಿಟ್ಟು ಬಂದ. ಭುಜದ ಗಾಯಕ್ಕೆ ಹುಳು ಬಿದ್ದು ಅದು ಅಲ್ಲೇ ಸಾಯುತ್ತಿತ್ತು. ನಾನು ಹೋಗಿ ಹಿಡಿದು ತಂದು ಅಕ್ಕನ ಹಿತ್ತಲಲ್ಲಿ ಕಟ್ಟಿದೆ. ಓದಿದವನಿಗೆ ಸುಳಿಯಲ್ಲಿ ನಂಬಿಕೆ ಇಲ್ಲ ಎಂದು ಜನ ನನ್ನನ್ನು ಹೊಗಳಿದ್ದೂ ಉಂಟು. ನಾನು ಸುಮ್ಮನೆ ಕೇಳಿಸಿಕೊಂಡೆ.

ಬೇಸಿಗೆಯ ರಜೆ ಬರುವವರೆಗೆ ಅಕ್ಕನೇ ನೋಡಿಕೊಂಡಳು. ಬೇವಿನ ಎಲೆ ಕುದಿಸಿದ ನೀರಿನಿಂದ ಗಾಯ ತೊಳೆದಳು, ಕಡಲೆ ನೆನೆಸಿಟ್ಟಳು. ಅವಳನ್ನು ಅದು ಹತ್ತಿರ ಬಿಟ್ಟುಕೊಂಡಿತು. ನಾನು ಎಡಗಡೆಯಿಂದ ಹೋದರೆ ಮಾತ್ರ ಕಿವಿ ಹಿಂದಕ್ಕೆ ಒತ್ತಿ, ಹಗ್ಗ ಹರಿಯುವಂತೆ ಜಗ್ಗುತ್ತಿತ್ತು. ಬಾವಿಯ ರಾಟೆ ಗಡಗಡ ಎಂದರೂ ಸಾಕು, ಮೈಯೆಲ್ಲ ಬೆವರುತ್ತಿತ್ತು. ಅಕ್ಕ ಹಗ್ಗವನ್ನು ರಾಟೆಯಿಂದ ತೆಗೆದು, ಬಾವಿಯ ಕಟ್ಟೆಯ ಮೇಲೆ ಬಗ್ಗಿ ಬರಿ ಕೈಯಿಂದ ನೀರು ಸೇದತೊಡಗಿದಳು. ನಾನು ರಜೆಗೆ ಬಂದಾಗ ಅವಳ ಅಂಗೈ ದಡ್ಡುಗಟ್ಟಿತ್ತು. ರಾಟೆಯ ಸದ್ದಿಗೆ ಕುದುರೆಯಷ್ಟೇ ನಾನೂ ಬೆಚ್ಚುವುದನ್ನು ಅವಳು ಎರಡೇ ದಿನದಲ್ಲಿ ಕಂಡುಕೊಂಡಳು.

"ಕುದರಿ ನಿನಗ ಹೆದರ್ತದ, ನೀ ಕುದರಿಗಿ ಹೆದರ್ತಿ," ಎಂದಳು. "ನಡುವ ನನ್ನ ರಟ್ಟಿ ಹೋಗಾಕತ್ತಾವ."

ಒಂದು ತಿಂಗಳು ನಾನು ಮಾಡಿದ್ದೆಲ್ಲ ದಣಿವಿನ ಕೆಲಸ. ಕಡಲೆಯ ಬುಟ್ಟಿ ಹಿಡಿದು ಬಿಸಿಲಲ್ಲಿ ನಿಲ್ಲುವುದು, ಅದು ಮುಖ ತಿರುಗಿಸುವುದು, ಬುಟ್ಟಿ ಕೆಳಗಿಟ್ಟು ದೂರ ಸರಿಯುವುದು. ನಾನು ಸರಿದ ಮೇಲೆಯೇ ತಿನ್ನುತ್ತಿತ್ತು. ಇತ್ತ ಚಾಚಾನ ಮನೆಯಲ್ಲಿ ಟಾಂಗಾ ನಿಂತಿದ್ದರಿಂದ ಒಲೆ ಒಂದೇ ಹೊತ್ತು ಉರಿಯುತ್ತಿತ್ತು. ಮುರಿದ ಟಾಂಗಾವನ್ನು ಬಡಿಗೇರರು ರಿಪೇರಿ ಮಾಡಿಕೊಟ್ಟಿದ್ದರು. ಇನ್ನೊಂದು ಕುದುರೆ ತರುವ ಶಕ್ತಿ ಅವರಿಗಿರಲಿಲ್ಲ. ಈ ಕುದುರೆ ಮತ್ತೆ ಟಾಂಗಾ ಎಳೆಯದಿದ್ದರೆ ಮುಗಿಯಿತು.

ಒಂದು ಮಧ್ಯಾಹ್ನ, ಬೇರೇನೂ ತೋಚದೆ, ಟ್ರಂಕಿನಿಂದ ಆ ಪಟ್ಟಿಯನ್ನು ತೆಗೆದು ಹಿತ್ತಲ ಕಟ್ಟೆಯ ಮೇಲೆ ಕೂತು ಎಣ್ಣೆ ಹಚ್ಚತೊಡಗಿದೆ. ತೊಗಲು ಒಣಗಿ ಸೆಟೆದಿತ್ತು. ತಲೆ ಎತ್ತಿದಾಗ ಕುದುರೆ ಹಗ್ಗದ ತುದಿಗೆ ಬಂದು ನಿಂತಿತ್ತು. ಮೂಗು ಚಾಚಿ ಪಟ್ಟಿ ಮೂಸಿತು. ಹಣೆಯಿಂದ ನನ್ನ ಕೈಯನ್ನು ಮೆಲ್ಲಗೆ ನೂಕಿತು. ಬಲಗಡೆಯಿಂದ ನಿಂತು, ಹುಣ್ಣಿನ ಜಾಗಕ್ಕೆ ತಾಗದಂತೆ ಪಟ್ಟಿ ಕಟ್ಟಿದೆ. ಅದು ದೀರ್ಘವಾಗಿ ಉಸಿರು ಬಿಟ್ಟಿತು. ಕಿವಿ ಸಡಿಲವಾದವು. ನನ್ನ ಅಂಗೈಯಿಂದ ಕಡಲೆ ತಿಂದದ್ದು ಅಂದೇ ಮೊದಲು. ಯಾವುದನ್ನು ನಾನು ಕ್ರೂರವೆಂದು ಬಿಚ್ಚಿದ್ದೆನೋ ಅದನ್ನೇ ಅದು ಇಷ್ಟು ದಿನ ಹುಡುಕುತ್ತಿತ್ತು. ಅಕ್ಕ ಏನೂ ಕೇಳದೆ ಹಗ್ಗವನ್ನು ಮತ್ತೆ ರಾಟೆಗೆ ಹಾಕಿದಳು. ರಾಟೆ ಗಡಗಡ ಎಂದಿತು. ಕುದುರೆ ಒಮ್ಮೆ ನಡುಗಿ ನಿಂತಿತು. ನಾನೂ ನಿಂತೆ.

ಮರುದಿನದಿಂದ ಪಟ್ಟಿ ಕಟ್ಟಿ ಊರ ಸುತ್ತ ನಡೆಸಿದೆ. ಮೊದಲು ಒಂದು ಹುಣಸೆ ಟೊಂಗೆ ಎಳೆಯಿತು, ಆಮೇಲೆ ಎರಡು ಬಿದಿರು ಗಳ. ಬೆಳಿಗ್ಗೆ ನಾನು ಪಟ್ಟಿ ಹಿಡಿದು ನಿಂತರೆ ತಾನೇ ತಲೆ ತಗ್ಗಿಸಿ ಮುಖ ಒಡ್ಡುತ್ತಿತ್ತು. ಅದು ಹಾಗೆ ಒಡ್ಡಿದಾಗಲೆಲ್ಲ ನನಗೆ ಚಾಚಾನ ಕಾಲು ನೆನಪಾಗುತ್ತಿತ್ತು.

ಕೊನೆಗೆ ಪಟ್ಟಿ ಹಿಡಿದೇ ಅವರ ಮನೆಗೆ ಹೋದೆ. ಪಡಸಾಲೆಯಲ್ಲಿ ಹೊರಸಿನ ಮೇಲೆ ಕಾಲು ಚಾಚಿ ಕೂತಿದ್ದರು. ನಡೆದದ್ದನ್ನು ಹೇಳಿದೆ. ಅವರು ಪಟ್ಟಿಯನ್ನು ಹೊರಳಿಸಿ ಹೊರಳಿಸಿ ನೋಡಿದರು.

"ಯಾಕ ಬಿಚ್ಚಿದ್ರಿ?"

"ಹುಣ್ಣಾಗಿತ್ತು ಚಾಚಾ. ನೊಣ ಕುಂತಿದ್ವು."

ಅವರು ಪಟ್ಟಿಯ ಅಂಚನ್ನು ಹೆಬ್ಬೆರಳಿನಿಂದ ಸವರಿದರು. ಬೈದಿದ್ದರೆ ಹಗುರವಾಗುತ್ತಿತ್ತು.

"ಆ ಹುಣ್ಣ ಮಾಡಿದಾಂವ ನಾನು, ಮಾಸ್ತರ್ರೇ," ಎಂದರು. "ತಂದ ದಿನಾನೇ ಸುಳಿ ನೋಡಿದ್ದೆ. ಜನಾ ನೋಡಿದ್ರ ಟಾಂಗಾ ಹತ್ತಂಗಿಲ್ಲಂತ ಪಟ್ಟಿ ಅಗಲ ಹೊಲಿಸಿದ್ದೆ. ಅದು ತಿಕ್ಕಿ ತಿಕ್ಕಿ ಹಂಗಾತು."

ನಾನು ಕ್ಷಮೆಯ ಮಾತು ಶುರು ಮಾಡಿದೆ. ಅವರು ಕೈ ಎತ್ತಿ ತಡೆದರು.

"ನನ್ನ ಕಾಲು ಹ್ಯಾಂಗೋ ಕೂಡ್ತದ. ಕುದರಿ ಹೆಸರು ಕೆಟ್ಟದ, ಅದು ಕೂಡಂಗಿಲ್ಲ. ಅಡ್ಡೆದಾಗ ನಾಕು ಮಂದಿ ಮುಂದ ಇದನ್ನ ಹೇಳ್ರಿ. ಹೇಳಿ, ಮೊದಲ ನೀವೇ ಕೂಡ್ರಿ."

ಮಳೆ ಶುರುವಾಗುವ ಮುಂಚೆ ಒಂದು ಬೆಳಿಗ್ಗೆ ಟಾಂಗಾ ಅಡ್ಡೆಯಲ್ಲಿ ನಿಂತು ಹೇಳಿದೆ. ತರಗತಿಯಲ್ಲಿ ಎಂದೂ ತಡವರಿಸದ ನಾಲಿಗೆ ಅಂದು ತಡವರಿಸಿತು. ಸುಳಿ ಇದ್ದದ್ದಕ್ಕೇ ನನ್ನ ಕೈ ಅಲ್ಲಿಗೆ ಹೋಯಿತು ಎಂದು ಒಬ್ಬ ಹಿರಿಯರು ತೀರ್ಪು ಕೊಟ್ಟರು. ಇನ್ನೊಬ್ಬ ಟಾಂಗಾದವನು ಬೀಡಿ ಕಚ್ಚಿಕೊಂಡೇ, "ಎಲ್ಲಾರೂ ಸಾಲಿ ಕಲ್ತು ತಮ್ಮ ಕಣ್ಣ ತೆರೀತಾರ. ನೀವು ಕುದರಿ ಕಣ್ಣ ತೆರದ್ರಿ ನೋಡ್ರಿ," ಎಂದ. ಎಲ್ಲರೂ ನಕ್ಕರು. ಯಾರೂ ಹತ್ತಲಿಲ್ಲ. ನಾನು ಹತ್ತಿದೆ.

ಚಾಚಾ ಕುಂಟುತ್ತ ಬಂದು ಲಗಾಮು ಹಿಡಿದರು. ಊರು ದಾಟುವವರೆಗೂ ನಾನು ಚಕ್ರದ ಸದ್ದನ್ನು ಮಾತ್ರ ಕೇಳಿದೆ. ಬೇವಿನ ಮರದ ಹತ್ತಿರ ಅವರು ನಿಲ್ಲಿಸಲಿಲ್ಲ. ಸೇತುವೆ ಬಂತು. ನಾನು ಸೀಟಿನ ಅಂಚನ್ನು ಎರಡೂ ಕೈಯಿಂದ ಹಿಡಿದು ಕಣ್ಣು ಮುಚ್ಚಿದ್ದೆ.

"ಕಣ್ಣ ತೆರೀರಿ ಮಾಸ್ತರ್ರೇ," ಎಂದರು ಚಾಚಾ. "ಪಟ್ಟಿ ಕಟ್ಟಿದ್ದು ಕುದರಿಗಿ."

ತೆರೆದಾಗ ಸೇತುವೆ ಹಿಂದಾಗಿತ್ತು. ಮುಂದಿನ ವಾರ ಇಬ್ಬರು ಬಳೆ ವ್ಯಾಪಾರಿಗಳು ನನ್ನ ಜೊತೆ ಹತ್ತಿದರು. ಅದರ ಮುಂದಿನ ವಾರ ನನಗೇ ಜಾಗ ಸಿಗಲಿಲ್ಲ.

ಆದರೆ ಆ ಮೊದಲ ದಿನ ಕಲ್ಯಾಣಿಯಲ್ಲಿ ಇಳಿದ ಮೇಲೆ ಇನ್ನೊಂದು ನಡೆಯಿತು. ಚಾಚಾ ಮೇವು ಹಾಕಲು ಕುದುರೆಯನ್ನು ಟಾಂಗಾದಿಂದ ಬಿಡಿಸಿ ಪಟ್ಟಿ ಬಿಚ್ಚಿದ್ದರು. ಕುದುರೆಯ ಮುಖ ಸವರೋಣವೆಂದು ಹೋದೆ. ಮರೆತು ಎಡಗಡೆಯಿಂದ ಹೋಗಿದ್ದೆ. ಅದು ತಲೆ ಎತ್ತಿ ಹಿಂದೆ ಸರಿಯಿತು. ನಾನು ಸುತ್ತು ಹಾಕಿ ಬಲಕ್ಕೆ ಬಂದು ನಿಂತೆ, ಅದು ತಾನಾಗಿ ತಲೆ ತಗ್ಗಿಸುವವರೆಗೆ.