ಬಾಯಿಗೆ ಬಾರದ ಸಾಲು

ಹತ್ತನೇ ಕ್ಲಾಸಿನಲ್ಲಿ ನಾನು ಹಾಸನದ ನಮ್ಮ ಹೈಸ್ಕೂಲಿನ ಹುಡುಗಿಯರ ಫುಟ್‌ಬಾಲ್ ತಂಡದಲ್ಲಿದ್ದೆ. ಚನ್ನರಾಯಪಟ್ಟಣದಲ್ಲಿ ಸೆಮಿಫೈನಲ್ ನಡೆಯುವಾಗ ಹೊಳೆನರಸೀಪುರ ತಂಡದ ಸವಿತಾ ಚೆಂಡು ಬಿಟ್ಟು ನನ್ನ ಕಾಲಿಗೇ ಒದ್ದಳು. ಮೂಳೆ ಮುರಿಯಿತು. ಆ ವರ್ಷದ ಆಟ ಅಲ್ಲಿಗೆ ಮುಗಿಯಿತು.

ಭಾನುವಾರ ಚರ್ಚಿನಲ್ಲಿ ಎಲ್ಲರೂ ಕರ್ತನ ಪ್ರಾರ್ಥನೆ ಹೇಳುತ್ತಿದ್ದರು. 'ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ ನಮ್ಮ ತಪ್ಪುಗಳನ್ನು ಕ್ಷಮಿಸು' ಎಂಬ ಸಾಲು ಬಂದಾಗ ಬಾಯಿ ಮುಚ್ಚಿಕೊಂಡೆ. ಅಮ್ಮ ಮೊಣಕೈಯಿಂದ ತಿವಿದಳು.

"ದೇವರ ಮುಂದೆ ಸುಳ್ಳು ಹೇಳಲ್ಲ," ಅಂದೆ.

ನಾಲ್ಕು ವಾರ ಹೀಗೇ ನಡೆಯಿತು. ಪ್ಲಾಸ್ಟರ್ ಬಿಚ್ಚಿಸಿಕೊಂಡು ಬರುವಾಗ ಬಸ್‌ಸ್ಟ್ಯಾಂಡಿನಲ್ಲಿ ಸವಿತಾ ಕಂಡಳು. ಅವಳೇ ಓಡಿ ಬಂದಳು.

"ಕಾಲು ಎಂಗೈತೆ?"

"ಯಾಕೆ, ಇನ್ನೊಂದೂ ಬೇಕಾ?"

ಅವಳ ಕಣ್ಣು ತುಂಬಿತು. "ಅವಳನ್ನ ಬೀಳ್ಸು ಅಂತ ನಮ್ ಪೀಟಿ ಸಾರೇ ಏಳಿದ್ರು ಕಣೆ. ಮೂಳೆ ಮುರೀತದೆ ಅಂತ ಗೊತ್ತಿರ್ನಿಲ್ಲ. ನಾನು ಆಟಾನೇ ಬಿಟ್ಬುಟ್ಟೆ."

ನನ್ನ ಮೈಯೆಲ್ಲ ಉರಿದುಹೋಯಿತು. "ನನ್ನ ಕಾಲು ಮುರಿದು ನೀನೂ ಮನೇಲಿ ಕೂತ್ರೆ ಯಾರಿಗೆ ಏನು ಬಂತು? ನಾಳೆಯಿಂದ ಗ್ರೌಂಡಿಗೆ ಹೋಗು!" ಎಂದು ಸುತ್ತಲಿನ ಜನ ತಿರುಗಿ ನೋಡುವಂತೆ ಕೂಗಾಡಿದೆ. ಅವಳು ಅಳುತ್ತಲೇ ತಲೆಯಾಡಿಸಿದಳು.

ಮರುಭಾನುವಾರ ಆ ಸಾಲು ಹೇಳಿದೆ. ಸಿಟ್ಟು ಇಳಿದಿರಲಿಲ್ಲ, ಸಿಟ್ಟಿನಲ್ಲೇ ಹೇಳಿದೆ. ಚಿಕ್ಕಂದಿನಿಂದ ಗಿಳಿಪಾಠ ಒಪ್ಪಿಸುತ್ತಿದ್ದವಳು ಅವತ್ತು ಮೊದಲ ಸಲ ಏನು ಹೇಳುತ್ತಿದ್ದೇನೆಂದು ತಿಳಿದು ಪ್ರಾರ್ಥಿಸಿದೆ.

ಆ ಪೀಟಿ ಸಾರಿಗೂ ಅದೇ ಸಾಲು ಸಲ್ಲುತ್ತದೆ ಎನ್ನುತ್ತಾರೆ ನಮ್ಮ ಪಾಸ್ಟರು. ಇರಬಹುದು. ಅಷ್ಟು ದೊಡ್ಡ ಕ್ರೈಸ್ತಳು ನಾನಿನ್ನೂ ಆಗಿಲ್ಲ.